ದಲಾಲಿ ಕೊಟ್ರಪ್ಪ ಕೈ ಹಿಡಿದ ಸಂತೆ

ನೆನೆಯಿಟ್ಟ ಸೇಂಗಾ ಹಿಂಡಿಯ ವಾಸನೆ ಗೊತ್ತಿರುವವರಿಗೆ ನಾನು ಹೆಚ್ಚೇನೂ ಹೇಳಬೇಕಿಲ್ಲ. ಎಣ್ಣೆಯ ಜಿಡ್ಡು, ಇಷ್ಟು ಹುಳಿ, ಇಷ್ಟೇ ಇಷ್ಟು ಸಿಹಿ, ಅದರ ಮೇಲೆ ದನಗಳ ಬೆಚ್ಚಗಿನ ಉಸಿರು. ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಬಟ್ಟೆ ಅಂಗಡಿಯ ಹಿಂದಿನ ಓಣಿಯಲ್ಲಿ ಒಬ್ಬರು ಇನ್ನೂ ಎಮ್ಮೆ ಕಟ್ಟಿದ್ದಾರೆ. ಮೊನ್ನೆ ಹುಬ್ಬಳ್ಳಿಯ ಸಗಟು ವ್ಯಾಪಾರಿಯೊಬ್ಬರು ಸೀರೆಯ ಗಂಟು ಬಿಚ್ಚಿ ಕೂತಿದ್ದರು. ನಾನು ಎಂದಿನಂತೆ ಈ ಅಂಚಿಗೆ ಈ ರೇಟಾ ಎಂದು ಮುಖ ಹುಳಿ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಆ ವಾಸನೆ ಬಂತು. ಯಾರೋ ಹಿಂಡಿ ಕಲಸುತ್ತಿದ್ದರು. ನನ್ನ ಮುಖದ ಹುಳಿ ಎಲ್ಲಿ ಹೋಯಿತೋ, ವ್ಯಾಪಾರಿ ಹೇಳಿದ ರೇಟಿಗೇ ತಲೆಯಾಡಿಸಿಬಿಟ್ಟೆ. ಅವರಿಗೇ ಗಾಬರಿಯಾಗಿ, “ಅಕ್ಕಾರ, ಮೈಯಾಗ ಆರಾಮಿಲ್ಲೇನ್ರಿ?” ಎಂದರು. ಚೌಕಾಸಿಗೆ ಕೂಡುವಾಗ ಹಿತ್ತಲ ಬಾಗಿಲು ಹಾಕಿಕೊಳ್ಳಿ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಕೊಡುವ ಸಲಹೆಗಳಲ್ಲಿ ಈಗ ಇದೂ ಒಂದು ಸೇರಿತು.

ಆ ವಾಸನೆ ನನ್ನನ್ನು ಎಳೆದುಕೊಂಡು ಹೋದದ್ದು ಕೊಟ್ಟೂರಿಗೆ ಹತ್ತಿರದ ಹಳ್ಳಿಯೊಂದಕ್ಕೆ, ನನ್ನ ತಾಯಿಯ ತಂದೆ ಕೊಟ್ರಪ್ಪಜ್ಜನ ಮನೆಗೆ. ಅಪ್ಪ ಲಾರಿ ಓಡಿಸುತ್ತ ಊರೂರು ಅಲೆಯುತ್ತಿದ್ದುದರಿಂದ ನಾನು ಬೆಳೆದದ್ದು, ಶಾಲೆಗೆ ಹೋದದ್ದು ಎಲ್ಲ ಅಲ್ಲೇ. ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದವರು ದನಗಳು. ಮುಂದಿನ ಅಂಕಣ ಅವುಗಳದು, ಮೇವು ಹಾಕುವ ಗ್ವಾದಲಿ ಅಲ್ಲೇ. ಮೆಟ್ಟಿಲೆತ್ತರದ ಹಿಂದಿನ ಅಂಕಣ ನಮ್ಮದು. ನಾವು ಉಣ್ಣಲು ಕೂತರೆ ಎತ್ತುಗಳು ನಮ್ಮ ಗಂಗಾಳ ನೋಡುತ್ತಿದ್ದವು, ಅವು ಮೇಯುವಾಗ ಅಜ್ಜ ಅವುಗಳ ಬಾಯಿ ನೋಡುತ್ತಿದ್ದ. ಬೆಳಕಿಂಡಿಯಿಂದ ಬಿಸಿಲಿನ ಕೋಲು ನೇರ ಗ್ವಾದಲಿಗೇ ಬೀಳುತ್ತಿತ್ತು, ಅದರೊಳಗೆ ಹೊಟ್ಟಿನ ಧೂಳು ಕುಣಿಯುತ್ತಿತ್ತು. ಆ ಮನೆಯಲ್ಲಿ ಒಂದು ವಾರ ಇದ್ದ ಎತ್ತು ಮರುವಾರ ಇರುತ್ತಿರಲಿಲ್ಲ. ಯಾಕೆಂದರೆ ಅಜ್ಜ ದನದ ದಲಾಲಿ. ಕೊಟ್ಟೂರಿನ ದನದ ಸಂತೆಯಲ್ಲಿ ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಮುಗಿಸಿಕೊಡುವುದು ಅವನ ಕೆಲಸ, ಸಂತೆಯ ದಲಾಲಿಗಳಲ್ಲೆಲ್ಲ ಹಿರಿಯ ಅವನೇ. ಹಣೆಗೆ ವಿಭೂತಿ, ತಲೆಗೆ ರುಮಾಲು, ಹೆಗಲ ಮೇಲೆ ಅಡ್ಡಗೆರೆಯ ಒಂದು ವಲ್ಲಿ. ಬೇರೆಯವರಿಗೆ ವಲ್ಲಿ ಎಂದರೆ ಮುಖ ಒರೆಸುವ ಬಟ್ಟೆ. ಅಜ್ಜನಿಗೆ ಅದೇ ಅಂಗಡಿ.

ಈಗಿನವರಿಗೆ ಬಿಡಿಸಿ ಹೇಳಬೇಕು. ದನದ ಸಂತೆಯಲ್ಲಿ ರೇಟು ಬಾಯಿಂದ ಹೇಳುತ್ತಿರಲಿಲ್ಲ. ದಲಾಲಿ ಕೊಳ್ಳುವವನ ಕೈ ಹಿಡಿದು ಮೇಲೆ ವಲ್ಲಿ ಮುಚ್ಚುತ್ತಿದ್ದ. ಒಳಗೆ ಬೆರಳುಗಳು ಮಾತಾಡುತ್ತಿದ್ದವು. ಒಂದು ಬೆರಳು ಹಿಡಿದರೆ ಒಂದು, ಗೆಣ್ಣು ಮಡಚಿದರೆ ಅರ್ಧ, ಹಸ್ತ ಪೂರ್ತಿ ಹಿಡಿದರೆ ಐದು. ನೂರೋ ಸಾವಿರವೋ ಎಂಬುದು ಎತ್ತಿನ ಮುಖ ನೋಡಿದರೇ ತಿಳಿಯುತ್ತಿತ್ತು. ಆಮೇಲೆ ಹೋಗಿ ಮಾರುವವನ ಕೈ ಹಿಡಿಯುವುದು, ಮತ್ತೆ ಇತ್ತ ಬರುವುದು. ಸುತ್ತ ಐವತ್ತು ಮಂದಿ ನಿಂತಿದ್ದರೂ ಯಾರು ಎಷ್ಟು ಕೇಳಿದರು ಎಂಬುದು ಮೂರನೆಯವನಿಗೆ ಗೊತ್ತಾಗುತ್ತಿರಲಿಲ್ಲ. ಈ ಬೆರಳ ಭಾಷೆಯನ್ನು ಅಜ್ಜ ನನಗೆ ಕಲಿಸಿದ್ದು ಚಳಿಗಾಲದ ಮುಂಜಾನೆಗಳಲ್ಲಿ, ಕೌದಿಯ ಒಳಗೆ. ಅವನ ಉದ್ದನೆಯ, ಹಗ್ಗ ಹಿಡಿದು ದಡ್ಡುಗಟ್ಟಿದ ಬೆರಳುಗಳು ಕತ್ತಲಲ್ಲಿ ನನ್ನ ಬೆರಳನ್ನು ಹುಡುಕಿ ಒತ್ತುತ್ತಿದ್ದವು. ನಾನು ತಪ್ಪಿದರೆ, “ಲೇ ನೀಲಿ, ಇಷ್ಟಕ್ಕ ಕೊಟ್ರ ನಿಮ್ಮಜ್ಜಿನ್ನ ಸೈತ ಮಾರಿ ಬರ್ತೀಯ ನೀನು,” ಎನ್ನುತ್ತಿದ್ದ. ಒಲೆಯ ಮುಂದಿನಿಂದ ಅಜ್ಜಿ, “ನನ್ನ ಹಲ್ಲು ನೋಡಿ ಯಾರು ತಗಂತಾರ, ಬಿಡು,” ಎಂದು ಕೂಗುತ್ತಿದ್ದಳು. ನಾನು ಮುಂದೆ ಸೀರೆ ವ್ಯಾಪಾರದಲ್ಲಿ ಕಲಿತದ್ದೆಲ್ಲ ಆ ಕೌದಿಯೊಳಗಿನ ಪಾಠದ ಮುಂದುವರಿಕೆ.

ಇನ್ನು ಅಜ್ಜನ ರಾಜಕೀಯ. ಅದು ಬಹಳ ಸರಳವಾಗಿತ್ತು. ಊರ ಗೌಡರು ಯಾವ ಪಕ್ಷವೋ ಅಜ್ಜ ಆ ಪಕ್ಷ. ದಿನಾ ಸಂಜೆ ಗೌಡರ ಮನೆಯ ಕಟ್ಟೆಯ ಮೇಲೆ, ಕಂಬದ ಪಕ್ಕ, ಅವನಿಗೊಂದು ಜಾಗ ಇತ್ತು. “ದೊಡ್ಡ ಮರ ಇದ್ರ ಸಣ್ಣ ದನಕ್ಕ ನೆಳ್ಳು,” ಎನ್ನುತ್ತಿದ್ದ. ಅದು ಅವನದೇ ಮಾತು, ಬೇರೆ ಯಾರ ಬಾಯಲ್ಲೂ ಕೇಳಿಲ್ಲ. ಯಾರು ಎಲ್ಲಿ ಕೂಡಬೇಕು, ಯಾರ ಹೊಲ ಯಾರದು, ಯಾರು ಯಾವ ಬಾವಿಯ ನೀರು ಮುಟ್ಟಬೇಕು ಎಂಬುದೆಲ್ಲ ಮೊದಲೇ ಗೊತ್ತಾಗಿ ಹೋಗಿದೆ, ಅದನ್ನು ಕೆದಕಿದರೆ ಊರು ಕೆಡುತ್ತದೆ ಎಂದು ನಂಬಿದ್ದ. ಕೆಟ್ಟವನಾಗಿರಲಿಲ್ಲ, ನಂಬಿದ್ದ. ಚುನಾವಣೆ ಬಂದರೆ ಮನೆಯ ಹೆಂಗಸರನ್ನೆಲ್ಲ ಗಾಡಿಯಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದ, ದಾರಿಯುದ್ದಕ್ಕೂ ಯಾವ ಗುರುತಿಗೆ ಮುದ್ರೆ ಒತ್ತಬೇಕು ಎಂದು ಹೇಳಿ ಹೇಳಿ ಗಟ್ಟಿ ಮಾಡಿಸುತ್ತಿದ್ದ. ನಾನೂ ಶಾಲೆಯಲ್ಲಿ ನಮ್ಮದು ಗೌಡರ ಕಡೆಯ ಮನೆ ಎಂದು ಗತ್ತಿನಿಂದ ಹೇಳಿಕೊಳ್ಳುತ್ತಿದ್ದೆ. ಅಂಥ ಮನುಷ್ಯ ಎಂಬತ್ತರ ದಶಕದ ಕೊನೆಗೆ ಕೊಟ್ಟೂರಿನ ಚಹಾದಂಗಡಿಯಲ್ಲಿ ಕೂತು, ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟುವವನಿಗೆ ದನದ ಬೆಲೆಯೂ ಕಟ್ಟಲು ಬರುವುದಿಲ್ಲ ಎಂದು ವಾದ ಮಾಡುತ್ತಿದ್ದ. ಅಲ್ಲಿಂದ ಇಲ್ಲಿಗೆ ಹೇಗೆ ಬಂದ? ಇದೇ ನನ್ನನ್ನು ಇಷ್ಟು ವರ್ಷ ಕಾಡಿದ ಪ್ರಶ್ನೆ. ವ್ಯಾಪಾರಿಯಾಗಿ ನನಗೆ ಒಂದು ಗೊತ್ತು. ರೇಟು ಇಳಿಸುವವನು ‘ಇಳಿಸಿದೆ’ ಎಂದು ಎಂದೂ ಒಪ್ಪುವುದಿಲ್ಲ. ಬೋಣಿ ಹೊತ್ತು ಅಂತಾನೆ, ನಿಮ್ಮ ಮುಖ ನೋಡಿ ಅಂತಾನೆ, ಇದೊಂದು ಪೀಸು ಉಳಿದಿತ್ತು ಅಂತಾನೆ. ನಂಬಿಕೆಯಿಂದ ಇಳಿದು ಬಂದವರೂ ಹಾಗೇ ಇರಬಹುದೇ? ಹಾಗಾದರೆ ಅಜ್ಜ ಯಾವ ದಿನ, ಯಾವ ನೆಪ ಹೇಳಿ ಇಳಿದ?

ಹುಡುಕುತ್ತ ಹೋದರೆ ಮೊದಲು ಸಿಗುವವನು ದುರುಗಪ್ಪ. ಊರ ಹೊರಗಿನ ಕೇರಿಯವನು. ತೆಳ್ಳಗೆ, ಎತ್ತರ, ಮಾತು ಕಡಿಮೆ. ಅಪ್ಪನ ಕಾಲದಿಂದ ಗೌಡರ ಹೊಲವನ್ನು ಕೋರಿಗೆ ಮಾಡುತ್ತಿದ್ದ. ಅಂದರೆ ದುಡಿಮೆ ಅವನದು, ಹೊಲ ಮತ್ತು ಎತ್ತು ಗೌಡರದು, ಬೆಳೆ ಇಬ್ಬರದು. ಎಪ್ಪತ್ತರ ದಶಕದ ನಡುವಿನಲ್ಲಿ ಉಳುವವನೇ ಹೊಲದ ಒಡೆಯ ಎಂಬ ಕಾಯ್ದೆ ಬಂತು. ದುರುಗಪ್ಪ ಅರ್ಜಿ ಹಾಕಿದ, ಹೊಲ ಅವನ ಹೆಸರಿಗಾಯಿತು. ಗೌಡರು ಬಾಯಿ ಮಾಡಲಿಲ್ಲ. ತಮ್ಮ ಎತ್ತುಗಳನ್ನು ಬಿಚ್ಚಿಕೊಂಡು ಹೋದರು, ಅಷ್ಟೇ. ಎತ್ತಿಲ್ಲದೆ ಹೊಲ ಬೀಳು ಬಿದ್ದರೆ, ಇವನು ಉಳುವವನೇ ಅಲ್ಲ ಎಂದು ಮತ್ತೆ ಕೋರ್ಟಿಗೆ ಹೋಗುತ್ತೇನೆ ಎಂದು ಕಟ್ಟೆಯ ಮೇಲೆ ಕೂತು ನಗುತ್ತಲೇ ಹೇಳಿದರು. ಊರಲ್ಲಿ ಯಾರೂ ಬಾಡಿಗೆಗೆ ಎತ್ತು ಕೊಡಲಿಲ್ಲ. ದುರುಗಪ್ಪ ಸಾಕಿದ ಕುರಿಗಳನ್ನೆಲ್ಲ ಮಾರಿ ಒಂದು ಜೋಡಿ ಕೊಳ್ಳಲು ಹೊರಟ. ಮುಂಗಾರು ಬಿತ್ತನೆಗೆ ಮುಂಚೆ ಅವನಿಗೆ ಎತ್ತು ಸಿಗಬೇಕು. ಸಿಗದಿದ್ದರೆ ಹೊಲ ಹೋದಂತೆ. ಇಷ್ಟು ಇಡೀ ಊರಿಗೆ ಗೊತ್ತಿತ್ತು.

ತೊಡಕು ಇದ್ದದ್ದು ಸಂತೆಯಲ್ಲಿ. ಕೇರಿಯವರು ದನ ಕೊಳ್ಳಬಹುದಿತ್ತು, ಮಾರಬಹುದಿತ್ತು. ಆದರೆ ಅವರ ಕೈಯನ್ನು ಯಾವ ದಲಾಲಿಯೂ ಹಿಡಿಯುತ್ತಿರಲಿಲ್ಲ. ಅವರು ನಾಲ್ಕು ಮಾರು ದೂರ ನಿಂತು ಬಾಯಿಬಿಟ್ಟು ರೇಟು ಹೇಳಬೇಕಿತ್ತು. ಬಯಲಲ್ಲಿ ಹೇಳಿದ ರೇಟು ಗಾಳಿಗೆ ಬಿಟ್ಟ ಹೊಟ್ಟು, ಅದು ಯಾರ ಕಣ್ಣಿಗಾದರೂ ಬೀಳುತ್ತದೆ. ದುರುಗಪ್ಪ ಒಂದು ಜೋಡಿಗೆ ಇಷ್ಟು ಎಂದು ಕೂಗಿ ಹೇಳುವುದೇ ತಡ, ಹಿಂದೆಯೇ ನಿಂತಿದ್ದ ಗೌಡರ ಆಳು ಒಂದಿಷ್ಟು ಏರಿಸಿ ಕೇಳುತ್ತಿದ್ದ. ಎತ್ತು ಗೌಡರ ಪಾಲು. ಕೊಟ್ಟೂರಿನಲ್ಲಿ ಹೀಗಾಯಿತು. ನಮ್ಮ ಕಡೆಯದೇ ಆದ ಅರಸೀಕೆರೆಯ ಸಂತೆಗೆ ನಡೆದುಕೊಂಡು ಹೋದ, ಅಲ್ಲೂ ಹೀಗೇ ಆಯಿತು. ಗೌಡರಿಗೆ ಅಷ್ಟು ಎತ್ತು ಬೇಕಿರಲಿಲ್ಲ. ಕೊಂಡದ್ದನ್ನು ಮರುವಾರ ಅದೇ ಸಂತೆಗೆ ಹೊಡೆಸುತ್ತಿದ್ದರು. ಅಜ್ಜ ಇದನ್ನೆಲ್ಲ ಕಣ್ಣಾರೆ ನೋಡಿದ. ನೋಡಿಯೂ ಸಂಜೆ ಕಟ್ಟೆಗೆ ಹೋಗಿ ಕಂಬದ ಪಕ್ಕ ಕೂತ.

ಮನೆಯಲ್ಲಿ ಮಾತ್ರ ಅವನಿಗೆ ಕೂರಲು ಬಿಡುತ್ತಿರಲಿಲ್ಲ. ಆಗ ನಮ್ಮ ಅಂಗಳಕ್ಕೆ ದಿನಾ ಬರುತ್ತಿದ್ದವನು ಹುಸೇನ್ ಸಾಬ್, ಎತ್ತುಗಳ ಕಾಲಿಗೆ ಲಾಳ ಕಟ್ಟುವವನು. ಅಜ್ಜನ ಓರಗೆಯವನು, ಇಬ್ಬರೂ ಏಕವಚನದಲ್ಲೇ ಮಾತಾಡುತ್ತಿದ್ದರು. ಒಂದು ದಿನ ನಮ್ಮ ಎತ್ತನ್ನು ಕೆಡವಿ ಕಾಲು ಕಟ್ಟಿ ಗೊರಸು ಕೆತ್ತುತ್ತಿರುವಾಗ ಹುಸೇನ್ ಸಾಬ್ ಕೇಳಿದ, “ಅಲ್ಲಲೇ ಕೊಟ್ರಪ್ಪ, ನನ್ನ ಕೈ ಹಿಡಿತೀಯ. ಲಾಳ ಇಟ್ಕೊಂಡಿದ್ದು ಸತ್ತ ಎಮ್ಮಿ ತೊಗಲಿನ ಚೀಲದಾಗ. ಆ ಚೀಲ ಹೊಲಿದವನ ಕೈ ಮಾತ್ರ ಹಿಡಿಯಂಗಿಲ್ಲ. ಇದ್ಯಾವ ಲೆಕ್ಕ?”

“ನೀ ಲಾಳ ಹೊಡಿ,” ಎಂದ ಅಜ್ಜ.

ಅಜ್ಜಿ ಹಿಂಡಿ ಕಲಸುತ್ತ ಕೂತಲ್ಲಿಂದಲೇ ಸೇರಿಕೊಂಡಳು. “ಮೂರು ಹೊತ್ತು ದನದ ಬಾಯಾಗ ಕೈ ಹಾಕಿ ಜೊಲ್ಲು ಒರಸ್ಕೊಂತಾನ. ಮನಿಷ್ಯಾನ ಕೈ ಅಂದ್ರ ಮೈಲಿಗಿ.”

“ದನ ದನಾನ, ಮಂದಿ ಮಂದೀನ. ಕಾಯ್ದಿ ಮಾಡಿದೋರು ಬೆಂಗಳೂರಾಗ ಅದಾರ. ಇಲ್ಲಿ ಬಾಳ್ವಿ ಮಾಡೋರು ನಾವು. ಗೌಡ್ರ ಎದುರಿಗೆ ನಿಂತು ನಾಳಿ ನೀ ಹೋಗಿ ಮಾತಾಡ್ತೀಯೇನು?”

“ಕರಕೊಂಡು ಹೋಗು, ಮಾತಾಡ್ತೀನಿ,” ಎಂದಳು ಅಜ್ಜಿ. ಹುಸೇನ್ ಸಾಬ್ ನಕ್ಕುಬಿಟ್ಟ, ಸುತ್ತಿಗೆ ಅವನ ಹೆಬ್ಬೆರಳಿಗೇ ಬಿತ್ತು. ಅಜ್ಜನ ಮನಸ್ಸು ಬದಲಾದದ್ದು ಆ ದಿನ ಎಂದು ಅಜ್ಜಿ ಸಾಯುವತನಕ ಹೇಳಿಕೊಂಡಳು. ನಾನು ಒಪ್ಪುವುದಿಲ್ಲ. ವಾದದಲ್ಲಿ ಸೋತವನು ತನ್ನ ರೇಟಿಗೆ ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತಾನೆ. ಗಿರಾಕಿಯನ್ನು ಮಾತಲ್ಲಿ ಸೋಲಿಸಿ ಸೀರೆ ಮಾರಿದವರನ್ನು ನಾನು ಇದುವರೆಗೆ ಕಂಡಿಲ್ಲ. ಅಜ್ಜ ಆಮೇಲೂ ಕಟ್ಟೆಗೆ ಹೋಗುತ್ತಲೇ ಇದ್ದ.

ಮುಂಗಾರಿನ ಮೊದಲ ಮಳೆ ಬಿದ್ದ ವಾರದ ಸಂತೆ ಅದು. ನೆಲ ಹದವಾಗಿತ್ತು, ಇನ್ನು ತಡೆದರೆ ಬಿತ್ತನೆ ತಪ್ಪುತ್ತಿತ್ತು. ಶಾಲೆ ಇರಲಿಲ್ಲವಾದ್ದರಿಂದ ನಾನು ಅಜ್ಜನ ಗಾಡಿ ಹತ್ತಿದ್ದೆ. ದುರುಗಪ್ಪ ಗಾಡಿಯ ಹಿಂದೆ ನಡೆದುಕೊಂಡು ಬಂದ. ದಾರಿಯಲ್ಲಿ ಒಂದು ಕಡೆ ಹತ್ತಿರ ಬಂದು, ಮೆಲ್ಲಗೆ, ತನ್ನಿಂದ ಎಷ್ಟು ಆಗುತ್ತದೆ ಎಂದು ಅಜ್ಜನಿಗೆ ಹೇಳಿದ. “ಇದರ ಮ್ಯಾಲೆ ಒಂದು ಪೈಸಾನೂ ಇಲ್ರಿ ಯಜಮಾನ್ರ. ಈ ಸಲ ಕೂಗಿಸಬ್ಯಾಡ್ರಿ ನನ್ನ.” ಅಜ್ಜ ಎತ್ತುಗಳಿಗೆ ಚಾಟಿ ಬೀಸಿದ. ಸಂತೆಯಲ್ಲಿ ಮಾಗಳದ ಕಡೆಯ ರೈತರೊಬ್ಬರು ಒಂದು ಜೋಡಿ ತಂದಿದ್ದರು. ಹೊಳೆದಂಡೆಯ ಹುಲ್ಲು ಮೇಯ್ದ ಎತ್ತುಗಳು, ನಾಲ್ಕು ಹಲ್ಲಿನ ಪ್ರಾಯ, ಮೈಮೇಲೆ ಕೈಯಿಟ್ಟರೆ ಜಾರುವಂಥ ಹೊಳಪು. ದುರುಗಪ್ಪ ದೂರದಲ್ಲಿ ನಿಂತು ಅವುಗಳನ್ನೇ ನೋಡುತ್ತಿದ್ದ. ಅಜ್ಜ ಹಲ್ಲು ನೋಡಿದ, ಸುಳಿ ನೋಡಿದ, ನಾಲ್ಕು ಹೆಜ್ಜೆ ನಡೆಸಿ ನೋಡಿದ. ಇನ್ನೇನು ಮಾತಿಗೆ ಇಳಿಯಬೇಕು, ಛತ್ರಿ ಹಿಡಿದ ಆಳಿನೊಂದಿಗೆ ಗೌಡರೇ ಬಂದರು.

“ಏನ್ ಕೊಟ್ರಪ್ಪ, ದುರುಗ ಇವತ್ತು ಎಷ್ಟು ಕಟ್ಕೊಂಡು ಬಂದಾನ?”

“ಅದನ್ನ ನಾ ಹೆಂಗ ಹೇಳ್ಲಿ ಗೌಡ್ರ? ವ್ಯಾಪಾರದ ಮಾತು.”

ಗೌಡರು ಸಿಟ್ಟಾಗಲಿಲ್ಲ. ಶಾಲೆಯ ಮೇಷ್ಟ್ರು ಲೆಕ್ಕ ಬಿಡಿಸುವ ಹಾಗೆ ಬಿಡಿಸಿ ಹೇಳಿದರು. “ವಲ್ಲಿ ಹಾಕಿ ಕೈ ಹಿಡಿದ ಮ್ಯಾಲೆ ಅದು ವ್ಯಾಪಾರದ ಮಾತು. ಅವನ ಕೈ ಹಿಡಿದೀಯೇನು ನೀನು? ಇಲ್ಲ. ಹಿಡಿಯಂಗೂ ಇಲ್ಲ. ಅಂದ ಮ್ಯಾಲೆ ಅದು ಬಯಲಾಗಿನ ಮಾತು. ಬಯಲಾಗಿನ ಮಾತು ಹೇಳಾಕ ನಿನಗೇನು?”

ಅಜ್ಜನ ಮುಖವನ್ನು ನಾನು ಗಾಡಿಯ ಮೇಲಿನಿಂದ ನೇರವಾಗಿ ನೋಡುತ್ತಿದ್ದೆ. ಅದು ಚೌಕಾಸಿಯಲ್ಲಿ ಸಿಕ್ಕಿಬಿದ್ದವನ ಮುಖ. ಗೌಡರು ಹೇಳಿದ್ದು ಸಂತೆಯ ರಿವಾಜಿನ ಪ್ರಕಾರ ಸರಿಯೇ ಇತ್ತು, ಒಂದು ಕಡ್ಡಿಯಷ್ಟೂ ತಪ್ಪಿರಲಿಲ್ಲ. ವಲ್ಲಿಯೊಳಗಿನ ಮಾತನ್ನು ಅಜ್ಜ ಹೆಂಡತಿಗೂ ಹೇಳಿದವನಲ್ಲ. ಒಬ್ಬನ ರೇಟನ್ನು ಇನ್ನೊಬ್ಬನಿಗೆ ಹೇಳಿದ ದಲಾಲಿ ಸಂತೆಯಲ್ಲಿ ಮತ್ತೆ ತಲೆ ಎತ್ತುತ್ತಿರಲಿಲ್ಲ. ಆದರೆ ಈ ಒಬ್ಬನ ಮಾತಿಗೆ ಮಾತ್ರ ಮುಚ್ಚಳವಿಲ್ಲ, ಮುಚ್ಚಳ ಹಾಕದೆ ಬಿಟ್ಟವನು ತಾನೇ. ಅಜ್ಜ ಹೆಗಲಿನಿಂದ ವಲ್ಲಿ ಎಳೆದುಕೊಂಡ.

“ದುರುಗಪ್ಪಾ, ಬಾ ಇಲ್ಲಿ. ಕೈ ಕೊಡು.”

ಅಜ್ಜನ ಬಾಯಲ್ಲಿ ಅವನು ಅಲ್ಲಿಯವರೆಗೆ ಬರೀ ದುರುಗ. ದುರುಗಪ್ಪ ಕದಲಲಿಲ್ಲ. “ಬ್ಯಾಡ್ರಿ ಯಪ್ಪಾ, ಮಂದಿ ನೋಡ್ತಾರ.”

“ನೋಡಬಾರದು ಅಂತಾನ ವಲ್ಲಿ ಹಾಕೋದು. ಕೊಡು ಕೈಯಿ.”

ದುರುಗಪ್ಪ ಕೈಯನ್ನು ಧೋತರಕ್ಕೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ಅಜ್ಜನೇ ಮುಂದೆ ಹೋಗಿ ಮಣಿಕಟ್ಟು ಹಿಡಿದು ವಲ್ಲಿ ಮುಚ್ಚಿದ. ಮುಂದೆ ಆದದ್ದನ್ನು ಯಾರೂ ಎಣಿಸಿರಲಿಲ್ಲ, ಅಜ್ಜ ಕೂಡ. ದುರುಗಪ್ಪನಿಗೆ ಬೆರಳ ಭಾಷೆ ಬರುತ್ತಿರಲಿಲ್ಲ. ಎಲ್ಲಿಂದ ಬರಬೇಕು? ಅವನ ಕೈಯನ್ನು ಯಾರಾದರೂ ಹಿಡಿದಿದ್ದರೆ ತಾನೇ. ಅಜ್ಜ ಒಂದು ಬೆರಳು ಒತ್ತಿದರೆ ಅವನು ಹೆದರಿ ಅಜ್ಜನ ಇಡೀ ಹಸ್ತವನ್ನು ಮಿಣಿ ಹಗ್ಗದಂತೆ ಬಿಗಿಯಾಗಿ ಹಿಡಿಯುತ್ತಿದ್ದ. ಅದರ ಅರ್ಥ ಅವನ ಬಳಿ ಇದ್ದದ್ದಕ್ಕಿಂತ ಎಷ್ಟೋ ಪಟ್ಟು. ಬಾಯಿಬಿಟ್ಟು ತಿದ್ದುವಂತಿಲ್ಲ, ಗೌಡರು ಪಕ್ಕದಲ್ಲೇ ಇದ್ದಾರೆ. ಅಜ್ಜ ಅವನ ಬೆರಳುಗಳನ್ನು ಒಂದೊಂದೇ ಬಿಡಿಸಿದ, ಮಡಚಿದ, ಇಷ್ಟು, ಇಷ್ಟು ಎಂದು ಒಳಗೇ ಕಲಿಸಿದ. ನನಗೆ ಕೌದಿಯೊಳಗೆ ಕಲಿಸಿದ ಹಾಗೆಯೇ. ನಾನು ಆ ಮೊಣಕೈಯ ಅಲುಗಾಟದಲ್ಲೇ ಗುರುತು ಹಿಡಿದೆ. ಸಂತೆಯಲ್ಲಿ ಒಂದು ಕೈ ಹಿಡಿದು ಬಿಡಲು ಬೇಕಾಗುತ್ತಿದ್ದದ್ದು ಒಂದೆರಡು ಉಸಿರಿನ ಹೊತ್ತು. ಅವತ್ತು ವಲ್ಲಿ ಮೇಲೇಳಲೇ ಇಲ್ಲ. ಜನ ತಮ್ಮ ವ್ಯಾಪಾರ ಬಿಟ್ಟು ಬಂದು ನಿಂತರು. ಎಂಥ ದೊಡ್ಡ ಮಾತು ನಡೆದಿದೆಯೋ ಎಂದು ಗುಸುಗುಸು. ಹಾಗೆ, ಯಾರ ಕೈಯನ್ನು ಕ್ಷಣವೂ ಮುಟ್ಟಬಾರದಾಗಿತ್ತೋ ಅವನ ಕೈಯನ್ನು ದಲಾಲಿ ಕೊಟ್ರಪ್ಪ ತನ್ನ ಜೀವಮಾನದ ಎಲ್ಲ ಕೈಗಳಿಗಿಂತ ಹೆಚ್ಚು ಹೊತ್ತು ಹಿಡಿದುಕೊಂಡು ನಿಂತ.

ಆಮೇಲೆ ಮಾಗಳದ ರೈತರ ಕಡೆ ಹೋದ. ಅವರು ಕೈ ಚಾಚಲು ಹಿಂದೆಮುಂದೆ ನೋಡಿದರು. ಲಾಳದ ಚೀಲ ಹೊತ್ತು ಅಲ್ಲೇ ನಿಂತಿದ್ದ ಹುಸೇನ್ ಸಾಬ್, “ಹಿಡೀರಿ ಸಾವ್ಕಾರ. ಎತ್ತು ಮಾರಾಕ ಬಂದೀರೋ, ಬೀಗತನ ಮಾಡಾಕ ಬಂದೀರೋ?” ಎಂದ. ಜನ ನಕ್ಕರು. ರೈತರೂ ನಕ್ಕು ಕೈ ಕೊಟ್ಟರು. ವ್ಯಾಪಾರ ಮುಗಿಯಿತು. ಏರಿಸಿ ಕೇಳಲು ಗೌಡರ ಆಳಿಗೆ ರೇಟೇ ಗೊತ್ತಿರಲಿಲ್ಲ. ಅಜ್ಜ ಎತ್ತುಗಳ ಹಗ್ಗವನ್ನು ತಂದು ದುರುಗಪ್ಪನ ಕೈಗೆ ಇಟ್ಟ. ಗೌಡರು ಹೊರಡುವಾಗ ಒಂದೇ ಮಾತು ಹೇಳಿದರು: “ಸಂಜಿಕಿ ಕಟ್ಟಿಗೆ ಬರಬ್ಯಾಡ ಕೊಟ್ರಪ್ಪ.”

ಆ ಸಂಜೆ ಮನೆಗೆ ಬಂದಾಗ ಅಜ್ಜ ಒಳಗೆ ಬರದೆ ಅಂಗಳದಲ್ಲೇ ನಿಂತ. ಸುದ್ದಿ ನಮಗಿಂತ ಮುಂಚೆ ಬಂದಿತ್ತು. “ನೀರು ಕಾಸೀಯೇನು?” ಎಂದು ಕೇಳಿದ. ಅಜ್ಜಿ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು. “ಕಾಸೀನಿ. ಎದಕ್ಕ? ಸಂತಿ ಧೂಳಿಗೋ, ಮತ್ತೆದಕ್ಕರ ಏನೋ?” ಅಜ್ಜ ಬಹಳ ಹೊತ್ತು ಯೋಚಿಸಿದ. ಅವನು ಯೋಚಿಸಿದ್ದು ಏನು ಎಂಬುದು ನನಗೆ ಇವತ್ತಿಗೂ ಕುತೂಹಲ. ಕೊನೆಗೆ, “ಧೂಳಿಗೆ,” ಎಂದ. ಸ್ನಾನ ಮಾಡಿಯೇ ಒಳಗೆ ಬಂದ. ಧೂಳಿಗೋ ಮತ್ತೊಂದಕ್ಕೋ, ಎರಡಕ್ಕೂ ನೀರು ಅಷ್ಟೇ ಸುರಿದುಕೊಂಡಿರಬೇಕು. ಆದರೆ ಹೇಳಿದ್ದು ಧೂಳಿಗೆ ಎಂದು. ಉಂಡ ಮೇಲೆ ಎದ್ದು ರುಮಾಲು ಸುತ್ತಿಕೊಂಡ, ಬಾಗಿಲವರೆಗೆ ಹೋದ, ಗೌಡರ ಮಾತು ನೆನಪಾಗಿ ತಿರುಗಿ ಬಂದು ಗ್ವಾದಲಿಯ ಮೇಲೆ ಕೂತ. ಎತ್ತು ಅವನ ಬೆನ್ನು ನೆಕ್ಕುತ್ತಿತ್ತು. ಅಂಥ ಮಂಕಾದ ಅಜ್ಜನನ್ನು ನಾನು ಮೊದಲು ಕಂಡಿರಲಿಲ್ಲ.

ದುರುಗಪ್ಪ ಆ ವಾರವೇ ಹೊಲ ಹೂಡಿದ. ಅಜ್ಜ ನನ್ನ ಕೈ ಹಿಡಿದುಕೊಂಡು ಬದುವಿನ ಮೇಲೆ ಹೋಗಿ ನಿಂತ, ಎತ್ತುಗಳ ನಡಿಗೆ ನೋಡಲು ಬಂದೆ ಎಂಬ ನೆಪದಲ್ಲಿ. “ಎಡಗಡಿದು ಮೆತ್ತಗಿಂದು, ಬೈಬ್ಯಾಡ, ಹೊಡೀಬ್ಯಾಡ,” ಎಂದು ಕೂಗಿ ಹೇಳಿದ. ಮಣ್ಣು ಕಪ್ಪಗೆ ಹೊರಳುತ್ತಿತ್ತು, ಹಿಂದೆ ಬೆಳ್ಳಕ್ಕಿಗಳು. ದುರುಗಪ್ಪನ ಹೆಂಡತಿ ಒಂದು ಚರಿಗೆಯಲ್ಲಿ ಮಜ್ಜಿಗೆ ತಂದು, ಕೊಡಬೇಕೋ ಬೇಡವೋ ಎಂದು ಅರ್ಧ ದಾರಿಯಲ್ಲಿ ನಿಂತಳು.

“ಬ್ಯಾಡವ್ವ, ಈಗರ ಉಂಡು ಬಂದೀನಿ,” ಎಂದ ಅಜ್ಜ.

ಉಂಡಿರಲಿಲ್ಲ. ನನಗೆ ಗೊತ್ತಿತ್ತು, ಆ ಹೆಂಗಸಿಗೂ ಗೊತ್ತಿತ್ತು. ಅವಳು ನನ್ನ ಕಡೆ ನೋಡದೆಯೇ ಚರಿಗೆಯನ್ನು ಹಿಂದಕ್ಕೆ ತೆಗೆದುಕೊಂಡು ಹೋದಳು. ಅಂದರೆ ಅಜ್ಜ ಇಳಿದು ಬಂದದ್ದು ಕೈಯವರೆಗೆ ಮಾತ್ರ. ತುಟಿಯವರೆಗೆ ಬಂದಿರಲಿಲ್ಲ.

ಅದಕ್ಕೇ ನನ್ನ ಲೆಕ್ಕ ಹೀಗೆ. ಅಜ್ಜನನ್ನು ಮೊದಲು ಅಲುಗಿಸಿದ್ದು ದಯೆಯಲ್ಲ, ನ್ಯಾಯವೂ ಅಲ್ಲ, ಕಸುಬಿನ ಮಾನ. ತನ್ನ ವಲ್ಲಿಯೊಳಗೆ ಕೈ ಹಾಕಲು ಬಂದವರ ಮೇಲಿನ ಸಿಟ್ಟು. ಕೈ ಮೊದಲು ಬದಲಾಯಿತು, ಅದಕ್ಕೆ ಕಾರಣಗಳು ಆಮೇಲೆ ಒಂದೊಂದಾಗಿ ಬಂದು ಸೇರಿದವು. ಕಟ್ಟೆ ತಪ್ಪಿದ್ದರಿಂದ ಸಂಜೆಗಳು ಖಾಲಿಯಾದವು. ಖಾಲಿ ಸಂಜೆಗಳಲ್ಲಿ ಹುಸೇನ್ ಸಾಬನ ಜೊತೆ ಕೂತು ಪೇಪರ್ ಓದಿಸಿಕೊಳ್ಳತೊಡಗಿದ, ಓದುತ್ತಿದ್ದವಳು ನಾನು. ಉಳಿದ ದಲಾಲಿಗಳು ಸ್ವಲ್ಪ ಕಾಲ ಅಜ್ಜನ ಕೈ ಹಿಡಿಯಲಿಲ್ಲ. ಆದರೆ ಸುತ್ತಲಿನ ಕೇರಿಗಳವರೆಲ್ಲ ದನ ಹೊಡೆದುಕೊಂಡು ನೇರ ಅಜ್ಜನ ಬಳಿಗೇ ಬರತೊಡಗಿದಾಗ, ನೋಡಿ, ಆ ದಲಾಲಿಗಳ ವಲ್ಲಿಗಳೂ ಮೆಲ್ಲಗೆ ಬಿಚ್ಚಿಕೊಂಡವು. ವ್ಯಾಪಾರವನ್ನು ಜನ ಕೀಳಾಗಿ ಕಾಣುತ್ತಾರೆ. ಉಪದೇಶ ಮುಟ್ಟದ ಜಾಗಕ್ಕೆ ಅದು ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತುರ್ತು ಪರಿಸ್ಥಿತಿ ಬಂದು ಹೋದ ಮೇಲಿನ ಚುನಾವಣೆಯಲ್ಲಿ ಅಜ್ಜ ಎಂದಿನಂತೆ ಗಾಡಿ ಕಟ್ಟಿದ, ಹೆಂಗಸರನ್ನು ಕೂರಿಸಿಕೊಂಡ. ದಾರಿ ಸವೆಯುತ್ತ ಬಂತು, ಅಜ್ಜನ ಬಾಯಿ ತೆರೆಯಲಿಲ್ಲ. ಅಜ್ಜಿಯೇ ಕೇಳಿದಳು, “ಯಾವ ಗುರ್ತಿಗೆ ಒತ್ತಬೇಕು ಅಂತ ಹೇಳಲೇ ಇಲ್ಲ?”

“ನಿನಗ ಕಣ್ಣಿಲ್ಲೇನು?”

“ಅದಾವ. ಇಷ್ಟು ದಿನ ನಿನಗ ಕಂಡಿರಲಿಲ್ಲ,” ಎಂದಳು ಅಜ್ಜಿ. ಗಾಡಿಯಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಅವಳು ಯಾರಿಗೆ ಹಾಕಿದಳು ಎಂದು ಅಜ್ಜ ವಾಪಸು ಬರುವಾಗ ಸುತ್ತಿ ಬಳಸಿ ಕೇಳಿದ್ದೂ ಕೇಳಿದ್ದೇ, ಅವಳು ಹೇಳಲಿಲ್ಲ. ಹಾಗೆಂದು ಎಲ್ಲದರಲ್ಲೂ ಅಜ್ಜ ಇಳಿದು ಬಂದ ಎಂದುಕೊಳ್ಳಬೇಡಿ. ಪಂಚಾಯತಿಯಲ್ಲಿ ಹೆಂಗಸರಿಗೆ ಸೀಟು ಇಟ್ಟ ಕಾಲಕ್ಕೆ ಚಹಾದಂಗಡಿಯಲ್ಲಿ ಅದರ ಪರವಾಗಿ ಜಗಳಾಡಿ ಗಂಟಲು ಕಟ್ಟಿಸಿಕೊಂಡು ಬಂದ ಇದೇ ಮನುಷ್ಯ, ನಾನು ಹಗರಿಬೊಮ್ಮನಹಳ್ಳಿಯಲ್ಲಿ ಅಂಗಡಿ ಇಡುತ್ತೇನೆ ಎಂದಾಗ ಮುಖ ತಿರುಗಿಸಿದ. “ಪಂಚಾಯ್ತಿ ಬ್ಯಾರೆ, ನಮ್ಮನಿ ಹುಡುಗಿ ಅಂಗಡಿ ಗಲ್ಲೆದ ಮ್ಯಾಲೆ ಕುಂದ್ರೋದು ಬ್ಯಾರೆ,” ಎಂದ. ನಾನು ವಾದ ಮಾಡಲಿಲ್ಲ. ಅಂಗಡಿಗೆ ಬೇಕಾದ ಜಾಗದ ಬಾಡಿಗೆ ಮಾತಾಡಲು ನೀನೇ ಬಾ, ನನಗೆ ಮೋಸ ಮಾಡುತ್ತಾರೆ ಎಂದೆ. ಮೋಸ ಎಂಬ ಮಾತು ಕೇಳಿದ್ದೇ ಅಜ್ಜ ವಲ್ಲಿ ಹೆಗಲಿಗೇರಿಸಿದ. ಮನೆಯವರನ್ನು ಒಪ್ಪಿಸಬೇಕಾದ ಹೆಣ್ಣುಮಕ್ಕಳಿಗೆ ಹೇಳುತ್ತೇನೆ: ಸರಿ ತಪ್ಪು ಎತ್ತಬೇಡಿ, ಅವರಿಗೆ ಬರುವ ಒಂದು ಕೆಲಸ ಕೊಡಿ.

ಅಜ್ಜ ಹೋದ ಮೇಲೆ ಅಜ್ಜಿ ಹೋದಳು, ಹುಸೇನ್ ಸಾಬ್ ಹೋದ. ನೋಡಿಕೊಳ್ಳುವವರಿಲ್ಲದೆ ಮಾಳಿಗೆ ಒಂದು ಮಳೆಗಾಲದಲ್ಲಿ ಕುಸಿಯಿತು. ತೊಲೆಗಳನ್ನು ಮಾರಿದೆವು, ಗ್ವಾದಲಿಯ ಕಲ್ಲನ್ನು ಯಾರೋ ಬಚ್ಚಲಿಗೆ ಹಾಕಿಕೊಂಡರು. ಸಂತೆಗೆ ಈಗ ಟ್ರ್ಯಾಕ್ಟರು ಬರುತ್ತವೆ, ಕುರಿ ಬರುತ್ತವೆ, ಎತ್ತು ಅಪರೂಪ. ಬೆರಳ ಭಾಷೆ ಬಲ್ಲವರು ಎಷ್ಟು ಮಂದಿ ಉಳಿದಿದ್ದಾರೋ ತಿಳಿಯದು. ದುರುಗಪ್ಪ ಮಾತ್ರ ಬಹಳ ಕಾಲ ಇದ್ದ. ಆ ಹೊಲ ಅವನ ಕೈಯಲ್ಲೇ ಉಳಿಯಿತು. ಗೌಡರು ಮತ್ತೆ ಕೋರ್ಟಿನ ಮಾತೆತ್ತಲಿಲ್ಲ. ಅವನ ಮಗ ನೌಕರಿಗೆ ಸೇರಿದ ಮೇಲೆಯೂ ಬದುವಿನ ಬೇವಿನ ಕೆಳಗೆ ಹೋಗಿ ಕೂರುವುದನ್ನು ಅವನು ಬಿಟ್ಟಿರಲಿಲ್ಲ. ಒಂದು ಬೇಸಿಗೆಯಲ್ಲಿ ಅವನನ್ನು ಹುಡುಕಿಕೊಂಡು ಹೋದೆ. ಒಳಗೊಂದು ಪ್ರಶ್ನೆ ಇತ್ತು. ಅಜ್ಜ ಕೊನೆಯ ವರ್ಷಗಳಲ್ಲಿ ದುರುಗಪ್ಪನ ಮನೆಯಲ್ಲಿ ನೀರು ಕುಡಿಯುತ್ತಿದ್ದ, ರೊಟ್ಟಿ ಮುರಿಯುತ್ತಿದ್ದ; ಅದನ್ನು ಎಲ್ಲರೂ ನೋಡಿದ್ದರು. ಆದರೆ ಮೊದಲ ಸಲ ಯಾವಾಗ? ಅಜ್ಜಿಗೆ ಗೊತ್ತಿರಲಿಲ್ಲ, ಹುಸೇನ್ ಸಾಬನಿಗೆ ಗೊತ್ತಿರಲಿಲ್ಲ. ಕೈ ಹಿಡಿದದ್ದನ್ನು ಸಂತೆಯೇ ನೋಡಿತ್ತು. ಆದರೆ ಒಳಗಿನಿಂದ ಪೂರ್ತಿ ಇಳಿದು ಬಂದದ್ದು ನೀರು ಕುಡಿದ ಆ ಮೊದಲ ದಿನವೇ ಇರಬೇಕು, ಅದನ್ನು ತಿಳಿದರೆ ನನ್ನ ಹುಡುಕಾಟ ಮುಗಿಯುತ್ತದೆ ಎಂದುಕೊಂಡಿದ್ದೆ.

ದುರುಗಪ್ಪ ಕಣ್ಣು ಕಿರಿದು ಮಾಡಿ ದೂರ ನೋಡಿದ. “ಯಾವತ್ತು ಅಂತ ಹೇಳ್ಲಿ ನೀಲವ್ವ. ಬಿಸಲಿತ್ತು. ಹೊಲ ಹರಗಾಕತ್ತಿದ್ದೆ. ನಿಮ್ಮಜ್ಜಾರು ಈ ಕಡಿ ಬಂದ್ರು, ನೀರಡಿಸಿತ್ತು ಅಂತ ಕಾಣ್ತೈತಿ. ಕೊಡ ಇಲ್ಲೇ ಇತ್ತು, ತಗೊಂಡು ಕುಡಿದ್ರು.”

“ಏನಾರ ಅಂದ್ನೇನು?”

“ಏನಂತಾರ? ನೀರು ತಣ್ಣಗೈತಿ ಅಂದ್ರು. ಆಮ್ಯಾಗ ಮಳಿ ಸುದ್ದಿ ಮಾತಾಡಿದ್ವಿ.”

ನಾನು ಇನ್ನೂ ಕೆದಕಿದೆ. ಯಾವ ವರ್ಷ, ಯಾವ ಬೆಳೆ ಇತ್ತು, ಅಜ್ಜನ ಮುಖ ಹೇಗಿತ್ತು. ದುರುಗಪ್ಪ ಪಾಪ, ನನಗೆ ಬೇಕಾದ್ದನ್ನು ಕೊಡಲಾಗದ ಸಂಕೋಚದಿಂದ ತಲೆ ಕೆರೆದುಕೊಂಡ. ಅವನು ಆ ದಿನವನ್ನು ಎತ್ತಿಟ್ಟುಕೊಂಡಿರಲಿಲ್ಲ. ಅಜ್ಜನೂ ಇಟ್ಟುಕೊಂಡಿರಲಿಲ್ಲ, ಇಟ್ಟುಕೊಂಡಿದ್ದರೆ ಮನೆಗೆ ಬಂದು ಹೇಳುತ್ತಿದ್ದ. ಬೇವಿನ ನೆರಳು ಇಬ್ಬರ ಕಾಲ ಮೇಲೂ ಇತ್ತು. ಮರುವರ್ಷ ಅವನೂ ಹೋದ. ಅಜ್ಜ ಅವನ ಕೊಡದ ನೀರು ಕುಡಿದ ಆ ಬಿಸಿಲ ಹೊತ್ತು ಈಗ ಯಾರ ಬಳಿಯೂ ಇಲ್ಲ.